ನಾಲ್ಕು ಸೀಟಿಯ ಮೀನು

ಬೆಣ್ಣಿ ಒಲೆಕಟ್ಟೆಯಿಂದ ಕೆಳಗೆ ಬಿದ್ದದ್ದು ಒಂದು ಸೋಮವಾರ ಬೆಳಿಗ್ಗೆ. ಬೆಣ್ಣಿ ಅಂದರೆ ಗುರುಪಾದನ ಬೆಕ್ಕು. ಬಿಳಿ ಮೈ, ಬೆನ್ನ ಮೇಲೊಂದು ಹಳದಿ ತೇಪೆ, ಥೇಟ್ ಬಿಸಿ ರೊಟ್ಟಿಯ ಮೇಲೆ ಕರಗುತ್ತಿರುವ ಬೆಣ್ಣೆಯ ಹಾಗೆ. ಅದಕ್ಕೇ ಆ ಹೆಸರು. ಕಟ್ಟೆಯಿಂದ ಕಿಟಕಿಗೆ ಇದ್ದದ್ದು ಒಂದು ಗೇಣು ಜಾಗ. ದಿನಾ ಹಾರುವ ಜಾಗವೇ. ಅವತ್ತು ಕಾಲನ್ನು ಗಾಳಿಯಲ್ಲಿಟ್ಟು ಧೊಪ್ಪೆಂದು ಬಿದ್ದಳು. ಬಿದ್ದವಳು ಎದ್ದು, ಏನೂ ಆಗಿಲ್ಲ ಎಂಬಂತೆ ಮೈ ನೆಕ್ಕಿಕೊಳ್ಳತೊಡಗಿದಳು. ನಾಚಿಕೆಯಾದಾಗ ಬೆಕ್ಕುಗಳು ಮಾಡುವುದು ಅದನ್ನೇ.

ಗುರುಪಾದ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ. ಅರ್ಧ ಬಡಿದ ರೊಟ್ಟಿ ಬಿಟ್ಟು ಅವನು ಕೈ ತೆಗೆದದ್ದು ಜೀವಮಾನದಲ್ಲಿ ಎರಡೋ ಮೂರೋ ಸಲ.

"ಯಾಕವ್ವಾ, ಕಣ್ಣ ನೆತ್ತಿಗಿ ಹತ್ಯಾವೇನು?" ಎಂದು ಗದರಿದ.

ಬೆಣ್ಣಿ ದನಿ ಬಂದ ಕಡೆ ಮುಖ ತಿರುಗಿಸಿದಳು. ಮುಖವೇನೋ ತಿರುಗಿತು, ನೋಟ ಮಾತ್ರ ಅವನನ್ನು ದಾಟಿ ಹಿಂದಿನ ಗೋಡೆಗೆ ಹೋಗಿ ನಿಂತಿತು. ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿದ್ದರೂ ಕಣ್ಣಿನ ಕಪ್ಪು, ಕತ್ತಲಲ್ಲಿರುವಂತೆ, ದೊಡ್ಡದಾಗಿ ಅರಳಿಕೊಂಡಿತ್ತು. ಗುರುಪಾದ ಹಿಟ್ಟಿನ ಕೈಯನ್ನು ಅವಳ ಮುಖದ ಮುಂದೆ ಆಡಿಸಿದ. ರೆಪ್ಪೆ ಅಲುಗಲಿಲ್ಲ.

ಮುಂಬಯಿಯ ಭಾಂಡುಪ್ಪಿನ ಹಳಬರಿಗೆ ಗುರುಪಾದ ಗೊತ್ತು. ಹತ್ತೊಂಬತ್ತು ವರ್ಷದವನಿದ್ದಾಗ ವಿಜಯಪುರದ ಕಡೆಯಿಂದ ಸೋದರಮಾವನ ಲಿಂಗಾಯತ ಖಾನಾವಳಿಗೆ ಬಂದು ಒಲೆಯ ಮುಂದೆ ಕೂತವನು ನಲವತ್ತು ವರ್ಷ ಏಳಲಿಲ್ಲ. ಆಗ ಸುತ್ತ ಬರೀ ಕಂಪನಿಗಳು. ಮೂರು ಪಾಳಿಯ ಜನ. ಪಾಳಿ ಬಿಟ್ಟ ಭೋಂಗಾ ಕೂಗಿತೆಂದರೆ ಬೆಂಚುಗಳು ತುಂಬಿ, ಬಾಗಿಲಲ್ಲಿ ನಿಂತವರು ಕೂತವರ ತಾಟು ನೋಡುತ್ತಿದ್ದರು. "ಗುರಣ್ಣಾ, ಬಿಸೀದೊಂದು ಬರ್ಲಿ." "ಗುರಣ್ಣಾ, ಈ ಕಾಶಪ್ಪನ ಹೊಟ್ಟ್ಯಾಗ ಏನ್ ಬಾವಿ ಐತೋ ನೋಡ, ಏಳನೇದು ಕೇಳಾಕತ್ತಾನ." ಗುರುಪಾದ ತಿರುಗಿ ನೋಡದೆಯೇ ಎಸೆದ ರೊಟ್ಟಿ ಸರಿಯಾಗಿ ಕಾಶಪ್ಪನ ತಾಟಿನಲ್ಲಿ ಬೀಳುತ್ತಿತ್ತು. ಊರಿಗೆ ಹೋಗಿ ಹೆಣ್ಣು ನೋಡಲು ಆಗ ಪುರಸೊತ್ತಿರಲಿಲ್ಲ. ಪುರಸೊತ್ತು ಸಿಗುವ ಹೊತ್ತಿಗೆ ಹೆಣ್ಣು ಕೊಡುವವರು ಇರಲಿಲ್ಲ.

ಆಮೇಲೆ ಕಂಪನಿಗಳು ಒಂದೊಂದಾಗಿ ಗೇಟು ಹಾಕಿಕೊಂಡವು. ಜನ ಕರಗಿದರು, ಮಾವ ತೀರಿಕೊಂಡ, ಎರಡೂವರೆ ವರ್ಷದ ಹಿಂದೆ ಖಾನಾವಳಿಯ ತಗಡಿನ ಮಾಡೂ ನೆಲಕ್ಕೆ ಬಂತು. ಕೆಡವಿದವರು ಅದರ ಬದಲಿಗೆ ಕೊಟ್ಟದ್ದು ಬಿಲ್ಡಿಂಗಿನ ಹನ್ನೊಂದನೆಯ ಮಾಳಿಗೆಯಲ್ಲಿ ಒಂದು ಖೋಲಿ. ಮಾಳಿಗೆಗೆ ಎಂಟು ಬಾಗಿಲು, ಎಂಟೂ ಮುಚ್ಚಿದ್ದು. ಅಲ್ಲಿ ಕೂತು ಅವನು ಈಗಲೂ ದಿನಕ್ಕೆ ನೂರಿಪ್ಪತ್ತು ರೊಟ್ಟಿ ಬಡಿಯುತ್ತಾನೆ, ಸ್ಟೇಷನ್ ಹತ್ತಿರ ರೊಟ್ಟಿ-ಪಲ್ಯ ಮಾರುವ ಒಂದು ಪೋಳಿಭಾಜಿ ಅಂಗಡಿಗೆ. ಹತ್ತು ಗಂಟೆಗೆ ರಿಕ್ಷಾದವನು ಬಂದು "ಹೋ ಗಯಾ?" ಅನ್ನುತ್ತಾನೆ. ಇವನು "ಹೋ ಗಯಾ" ಅನ್ನುತ್ತಾನೆ. ಗಂಟು ಲಿಫ್ಟಿನಲ್ಲಿ ಇಳಿದು ಹೋಗುತ್ತದೆ. ಯಾರು ತಿಂದರು, ಉಪ್ಪು ಹೆಚ್ಚಾಯಿತೇ, ಅಂಚು ಗಟ್ಟಿಯಾಯಿತೇ, ಒಂದೂ ತಿಳಿಯುವುದಿಲ್ಲ. ಎದುರಿಗೆ ಕೂತು ಅವನ ಕೈಯ ಅಡುಗೆ ತಿನ್ನುವ ಜೀವ ಅಂತ ಉಳಿದದ್ದು ಬೆಣ್ಣಿ ಒಬ್ಬಳೇ. ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನು ಅವಳು ಲೊಚಲೊಚ ತಿನ್ನುವುದನ್ನು ನೋಡಿದ ಮೇಲೆಯೇ ಅವನು ತನ್ನ ತಾಟು ಹಾಕಿಕೊಳ್ಳುತ್ತಿದ್ದ.

ಇನ್ನೊಂದು ರೂಢಿ ಇತ್ತು. ಬೆಳಿಗ್ಗೆ ಮಿಂದು, ಕೊರಳ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತರೆ, ಬೆಣ್ಣಿ ಮಂಡಿಗೆ ಮಂಡಿ ತಾಗಿಸಿ ಕೂರುತ್ತಿದ್ದಳು. ಪೂಜೆ ಮುಗಿಸಿ ಲಿಂಗವನ್ನು ಮತ್ತೆ ಕರಡಿಗೆಗೆ ಸೇರಿಸಿದ ಮೇಲೆ ಅದೇ ಅಂಗೈಗೆ ನೈವೇದ್ಯದ ಚಿಟಿಕೆ ಸಕ್ಕರೆ, ಎರಡು ಹನಿ ಹಾಲು. ಅದು ಅವಳ ಪಾಲು. ಒಂಬತ್ತು ವರ್ಷ ಒಂದು ದಿನ ತಪ್ಪಿರಲಿಲ್ಲ.

ಊರಲ್ಲಾಗಿದ್ದರೆ ಎತ್ತಿಗೆ, ಎಮ್ಮೆಗೆ ಡಾಕ್ಟರು. ಬೆಕ್ಕಿಗೂ ಡಾಕ್ಟರೇ ಎಂದು ನಾಚುತ್ತಲೇ ಗುರುಪಾದ ರೊಟ್ಟಿಬುಟ್ಟಿಯಲ್ಲಿ ಬೆಣ್ಣಿಯನ್ನು ಕೂರಿಸಿ, ಮೇಲೆ ಅರಿವೆ ಮುಚ್ಚಿ, ಸ್ಟೇಷನ್ ಹತ್ತಿರದ ದವಾಖಾನೆಗೆ ಹೋದ. ಮೇಜಿನ ಹಿಂದಿದ್ದ ಶೀತಲ್ ಎಂಬಾಕೆ ಕಾಗದ ತುಂಬಿಸಿದಳು.

"ಪೆಟ್ ಕಾ ನಾಮ್?"

"ಬೆಣ್ಣಿ."

"ಆಪ್ ಕಾ?"

"ಗುರುಪಾದ."

ಸ್ವಲ್ಪ ಹೊತ್ತಿಗೆ ಒಳಗಿನಿಂದ ಕರೆ ಬಂತು: "ಬೆಣ್ಣಿ ಗುರುಪಾದ!" ಅವನು ತಟ್ಟನೆ ಏಳಲಿಲ್ಲ. ಅವನ ಹೆಸರು ಇನ್ನೊಂದು ಹೆಸರಿನ ಬೆನ್ನಿಗೆ ಹತ್ತಿದ್ದು ಅದೇ ಮೊದಲು. ಯಾರನ್ನೋ ಅನ್ನುತ್ತಿದ್ದಾರೆ ಅಂದುಕೊಂಡ.

ಡಾಕ್ಟರು ಮೂವತ್ತು ದಾಟಿದ ಹೆಣ್ಣುಮಗಳು, ವಿಜೇತಾ ಅಂತ. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದಳು. ಗುರುಪಾದ ಬುಟ್ಟಿಗೆ ಬಾಗಿ "ಅಂಜಬ್ಯಾಡವ್ವಾ, ಏನೂ ಮಾಡಂಗಿಲ್ಲ" ಅಂದದ್ದು ಕಿವಿಗೆ ಬಿದ್ದು ಅವಳ ಹುಡುಕಾಟ ನಿಂತಿತು.

"ಓ, ಕನ್ನಡವಾ! ನಂದು ಹರಕು ಮುರುಕು ಕನ್ನಡ ಕಾಕಾ, ಮನೇಲಿ ತುಳು. ನಗ್ಬೇಡಿ ಆಯ್ತಾ?"

ಹತ್ತಿಯ ಒಂದು ಉಂಡೆಯನ್ನು ಬೆಣ್ಣಿಯ ಕಣ್ಣ ಮುಂದೆ ಸದ್ದಿಲ್ಲದೆ ಬಿಟ್ಟಳು. ಬೆಣ್ಣಿ ನೋಡಲಿಲ್ಲ. ಇನ್ನೊಮ್ಮೆ ಬಿಟ್ಟಳು. ಕೈದೀಪ ಹಿಡಿದು ಕಣ್ಣೊಳಗೆ ಬಗ್ಗಿ ನೋಡಿದಳು. ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದಳು. ಮುಖದ ನಗು ಆಗಲೇ ಇಳಿದಿತ್ತು.

"ಊಟಕ್ಕೆ ಎಂತ ಕೊಡ್ತೀರಿ?"

"ಜ್ವಾಳದ ರೊಟ್ಟಿ ಹಾಲಾಗ ನೆನಸಿ ಕೊಡ್ತೀನ್ರಿ. ಸಂಜಿಗಿ ಮಸರನ್ನ. ಹಬ್ಬಕ್ಕ ಹೋಳಿಗಿ."

"ಮತ್ತೆ?"

"ಮತ್ತೇನ್ರಿ? ತುಪ್ಪಾನೂ ಹಾಕ್ತೀನಿ."

"ಮೀನು? ಚಿಕನ್?"

ಗುರುಪಾದನ ಕೈ ಅಂಗಿಯೊಳಗಿನ ಕರಡಿಗೆಗೆ ಹೋಯಿತು. "ಇಲ್ರೀ ಬಾಯಾರ. ನಾವು ಲಿಂಗವಂತರು. ಅಕಿನೂ ಲಿಂಗವಂತಿನ."

"ಅದು ಅವಳಿಗೆ ಗೊತ್ತುಂಟಾ ಕಾಕಾ?"

ನಕ್ಕು ಕೇಳಿದ್ದಲ್ಲ, ಕುಟುಕಿ ಕೇಳಿದ್ದೂ ಅಲ್ಲ. ಕುರ್ಚಿ ಎಳೆದುಕೊಟ್ಟು ಕೂರಿಸಿ, ಹಿಂದಿ ಮರಾಠಿ ಎಲ್ಲ ಬೆರೆಸಿ ವಿವರಿಸಿದಳು. ಬೆಕ್ಕಿನ ಮೈಗೆ ಬೇಕಾದ ಒಂದು ಸತ್ವವಿದೆ. ಅದು ಮೀನು, ಮಾಂಸದಲ್ಲಿ ಮಾತ್ರ ಇರುವಂಥದು. ರೊಟ್ಟಿಯಲ್ಲಿಲ್ಲ, ಹಾಲಿನಲ್ಲಿದ್ದರೂ ಇಲ್ಲದಷ್ಟೇ. ಅದು ಸಿಗದಿದ್ದರೆ ಮೊದಲು ಕಣ್ಣು ಹೋಗುತ್ತದೆ, ಆಮೇಲೆ ಹೃದಯ ಸೋಲುತ್ತದೆ.

"ಒಂಬತ್ತ ವರ್ಸ ಇದ ಉಂಡಾಳಲ್ರಿ? ಒಂದಿನಾ ಕೆಮ್ಮಿಲ್ಲ ಅಕಿ."

ಡಾಕ್ಟರು ಕಾಗದದ ಮೇಲಿನ ವಿಳಾಸ ನೋಡಿದಳು. "ಈ ಬಿಲ್ಡಿಂಗಿಗೆ ಬರೋ ಮೊದ್ಲು ಎಲ್ಲಿದ್ರಿ?"

"ಖಾನಾವಳ್ಯಾಗ."

"ಅಲ್ಲಿ ಇಲಿ ಇತ್ತಾ?"

"ಇಲಿ ಏನ್ರಿ, ಹೆಗ್ಗಣ! ಜ್ವಾಳದ ಚೀಲ ಇದ್ವು ಅಂದಮ್ಯಾಗ..." ಗುರುಪಾದ ಬೆಣ್ಣಿಯತ್ತ ತಿರುಗಿದ.

"ಹಾಂ. ಮತ್ಲಬ್, ಅವಳ ಊಟ ಅವಳೇ ಮಾಡಿಕೊಳ್ತಾ ಇದ್ಳು. ಈಗ ಹನ್ನೊಂದನೇ ಮಾಳಿಗೆ. ಇಲಿ ಎಂತ, ಲಿಫ್ಟಲ್ಲಿ ಬರ್ತದಾ?"

ಅವನಿಗೆ ಚುಚ್ಚಿದ್ದು ಕಣ್ಣಿನ ಮಾತಿಗಿಂತ ಇದು. ತನ್ನ ರೊಟ್ಟಿ ತಿಂದೇ ಬದುಕಿದ್ದಾಳೆ ಎಂದು ನಂಬಿದ್ದ. ಅವಳು ತಿಂದದ್ದು ಬೇರೆಯೇ ಆಗಿತ್ತು. ಅವನ ಎದುರಿಗೆ ಲೊಚಲೊಚ ಅಂದದ್ದೆಲ್ಲ, ಮನೆಗೆ ಬಂದ ಬೀಗರು ಮನೆಯವರಿಗೆ ಬೇಜಾರಾಗದಿರಲಿ ಎಂದು ಎರಡು ತುತ್ತು ಉಣ್ಣುತ್ತಾರಲ್ಲ, ಹಾಗೆ.

ಹೋದ ಕಣ್ಣು ಇನ್ನು ಬರುವುದಿಲ್ಲ, ಹೃದಯ ಮಾತ್ರ ಈಗಲೇ ಹಿಡಿದರೆ ಸುಧಾರಿಸುತ್ತದೆ ಎಂದಳು ಡಾಕ್ಟರು. ಒಂದು ಪುಡಿ ಕೊಟ್ಟಳು, ಬೇಯಿಸಿದ ಮೀನಿನಲ್ಲಿ ಕಲಸಿ ಕೊಡಲು. ಮೀನು ತರುವ ತನಕ ಇರಲಿ ಎಂದು ಬೆಕ್ಕಿನ ಊಟದ ಮೂರು ಪ್ಯಾಕೆಟ್ಟೂ ಕೊಟ್ಟಳು. "ಎಂಟು ಗಂಟೆಗೆ ಕ್ಲಿನಿಕ್ ಮುಚ್ತೇನೆ. ಮಾಟುಂಗದ ಲೋಕಲ್ ಕಾಯ್ತಾ ಫೋನ್ ಮಾಡ್ತೇನೆ. ಸೀರಿಯಸ್ ಇದ್ದವರ ಮನೆಗೆಲ್ಲಾ ನಾನು ಪ್ಲಾಟ್‌ಫಾರ್ಮಿಂದ್ಲೇ ಫೋನ್ ಮಾಡೋದು. ಎತ್ತಬೇಕು, ಆಯ್ತಾ?"

ಮನೆಗೆ ಬಂದು ಗುರುಪಾದ ಆ ಪ್ಯಾಕೆಟ್ಟುಗಳ ಮೇಲಿನ ಮೀನಿನ ಚಿತ್ರ ನೋಡಿದ. ಮೂರು ಸುತ್ತು ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಬಾಗಿಲ ಹೊರಗಿನ ಮೊಳೆಗೆ ನೇತುಹಾಕಿದ. ಇವೇ ಕೈಯಿಂದ ನಾಳೆ ಪೂಜೆ ಮಾಡಬೇಕು, ಇವೇ ಕೈಯಿಂದ ನೂರಿಪ್ಪತ್ತು ರೊಟ್ಟಿ ಬಡಿಯಬೇಕು. ಪುಡಿಯನ್ನು ಹಾಲುರೊಟ್ಟಿಯಲ್ಲೇ ಕಲಸಿ ಇಟ್ಟ. ಬೆಣ್ಣಿ ಮೂಸಿದಳು, ಮುಖ ತಿರುಗಿಸಿ ಮೂಲೆಗೆ ಹೋದಳು.

ಎಂಟು ಗಂಟೆಗೆ ಫೋನು ಬಂತು. ಅವನ ಫೋನು ಹಾಗೆ ಹಾಡಿದ್ದು ಎಷ್ಟು ದಿನದ ಮೇಲೋ. ಅತ್ತ ಜನರ ಗಲಾಟೆ, ಗಾಡಿ ಬರುವ ಕೂಗು, ಅದರ ನಡುವೆ ಅವಳ ದನಿ: "ತಿಂದ್ಳಾ ಕಾಕಾ?"

ಇಲ್ಲ ಎನ್ನಬೇಕೆಂದೇ ಬಾಯಿ ತೆರೆದ. ಅಷ್ಟರಲ್ಲಿ ಅವಳು, "ಮಧ್ಯಾಹ್ನದಿಂದ ನಂಗೆ ಅವಳದ್ದೇ ಟೆನ್ಷನ್ ಮಾರಾಯ್ರೇ" ಅಂದುಬಿಟ್ಟಳು. ಇಷ್ಟು ಅಕ್ಕರೆಯಿಂದ ಕೇಳಿದವರಿಗೆ ಇಲ್ಲ ಅನ್ನುವುದು ಹೇಗೆ? ಖಾನಾವಳಿಗೆ ಹಸಿದು ಬಂದವನಿಗೆ ರೊಟ್ಟಿ ಮುಗಿದಿದೆ ಅಂದ ಹಾಗೆ.

"ತಿಂದ್ಳ್ರಿ," ಅಂದ ಗುರುಪಾದ.

"ವಾಹ್! ಎಲ್ಲಾ?"

"ತಾಟ ನೆಕ್ಕಿದ್ಳ್ರಿ."

"ಜಾಣೆ ಅವಳು! ಊಟ ಮಾಡಿ ಮಲಗಿ ಕಾಕಾ."

ಫೋನು ಇಟ್ಟ ಮೇಲೂ ಆ 'ವಾಹ್' ಖೋಲಿಯಲ್ಲಿ ಇನ್ನೂ ಇದ್ದಂತಿತ್ತು. ನಾಳೆಯಿಂದ ಖರೇ ಕೊಟ್ಟರಾಯಿತು, ಒಂದು ದಿನದ ಸುಳ್ಳಿಗೆ ಯಾವ ದೋಷ ಎಂದು ತನಗೆ ತಾನೇ ಹೇಳಿಕೊಂಡ.

ನಾಳೆ ಆಗಲಿಲ್ಲ. ನಾಡಿದ್ದೂ ಆಗಲಿಲ್ಲ. ಆದದ್ದೇನೆಂದರೆ, ಏಳು ಗಂಟೆಗೇ ಫೋನನ್ನು ಚಾರ್ಜಿಗೆ ಹಚ್ಚಿ, ಮುಖ ತೊಳೆದು, ಅಂಗಿ ಬದಲಿಸಿ ಕೂರುವುದು ರೂಢಿಯಾಯಿತು. ಫೋನಿನಲ್ಲಿ ಅಂಗಿ ಯಾರಿಗೆ ಕಾಣುತ್ತದೆ? ಆದರೂ ಬದಲಿಸುತ್ತಿದ್ದ. ಗಾಡಿ ತಡವಾದಷ್ಟೂ ಮಾತು ಬೆಳೆಯುತ್ತಿತ್ತು. ಅವಳಪ್ಪ ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಗಲ್ಲಾ ಮೇಲೆ ಕೂರುತ್ತಿದ್ದರಂತೆ, ಈಗಿಲ್ಲ. ಕನ್ನಡ ಕಲಿತದ್ದು ರಜೆಯಲ್ಲಿ ಆ ಹೋಟೆಲಿನ ಜನರಿಂದ. "ಈಗ ದಿನಾ ಕನ್ನಡ ಮಾತಾಡೋದು ನಿಮ್ಮ ಹತ್ರ ಮಾತ್ರ ಕಾಕಾ. ತಪ್ಪಿದ್ರೆ ಹೇಳಿ" ಅನ್ನುತ್ತಿದ್ದಳು. ಅವನು ಒಂದು ದಿನವೂ ತಪ್ಪು ಹೇಳಲಿಲ್ಲ. ಸುಳ್ಳು ಮಾತ್ರ ದಿನಾ ಹೇಳಿದ. ತಿಂದಳು. ಅರ್ಧ ತಿಂದಳು. ಚಪ್ಪರಿಸಿ ತಿಂದಳು.

ಇತ್ತ ಬೆಣ್ಣಿ ಪುಡಿ ಹಾಕದ ಹಾಲುರೊಟ್ಟಿಯನ್ನು ನಾಲ್ಕು ತುತ್ತು ತಿಂದು, ಮೂಲೆಯಲ್ಲಿ ಮುಂಗಾಲು ಅಗಲಿಸಿ ಕೂತಿರುತ್ತಿದ್ದಳು. ಪಕ್ಕೆ ಬೇಗಬೇಗ ಏರಿ ಇಳಿಯುತ್ತಿತ್ತು. ಪೂಜೆಯಾದ ಮೇಲೆ ಎಡ ಅಂಗೈ ಮೂತಿಗೆ ಹಿಡಿದರೆ ಎರಡು ಸಲ ನೆಕ್ಕಿ ಅಷ್ಟಕ್ಕೇ ಸುಸ್ತಾಗುತ್ತಿದ್ದಳು. ಗುರುಪಾದ ಬಾಗಿಲು ತೆರೆದು ಮೊಳೆಯ ಗಂಟನ್ನು ನೋಡುತ್ತಿದ್ದ, ಮತ್ತೆ ಮುಚ್ಚುತ್ತಿದ್ದ.

ಒಂಬತ್ತನೆಯ ದಿನ ಅವಳ ದನಿ ಬೇರೆ ಇತ್ತು. "ಉಸಿರು ಇನ್ನೂ ಜೋರೇ ಇದೆ ಅಂತೀರಿ. ಇಷ್ಟು ತಿಂದ್ರೂ ಯಾಕೆ ಹೀಗೆ? ನಂಗೆ ಸಮ್ಝಾ ಆಗ್ತಾ ಇಲ್ಲ. ಮೀನು ಹೇಗೆ ಬೇಯಿಸ್ತೀರಿ ಕಾಕಾ, ಸ್ವಲ್ಪ ಹೇಳಿ."

ಬೇರೆ ಏನು ಕೇಳಿದ್ದರೂ ಗುರುಪಾದ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ. ಅಡುಗೆಯವನನ್ನು ಅಡುಗೆ ಕೇಳಿದರೆ ನಾಲಿಗೆ ನಿಲ್ಲುತ್ತದೆಯೇ?

"ಹ್ಯಾಂಗಂದ್ರ, ಎಳೇವು ನೋಡಿ ಆರಿಸಿ ತರತೀನ್ರಿ. ಸ್ವಚ್ಛ ತೊಳದು, ತೊಟ್ಟ ಮುರದು, ಕುಕ್ಕರಿನ್ಯಾಗ ಇಡೋದು. ಬ್ಯಾಳಿಗತೆ ನಾಲ್ಕ ಸೀಟಿ. ಆರಿದಮ್ಯಾಗ ಮಸದು, ಚೂರ ಹಾಲ ಹಾಕಿ..."

ಅತ್ತ ಒಂದು ಗಾಡಿ ಬಂದು ನಿಂತಿತು, ಜನರ ಗದ್ದಲವಾಯಿತು, ಗಾಡಿ ಹೊರಟುಹೋಯಿತು. ಅವಳು ಹತ್ತಲಿಲ್ಲ.

"ಕಾಕಾ, ಮೀನಿಗೆ ತೊಟ್ಟು ಇರಲ್ಲ."

ಗುರುಪಾದ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ನಾಲ್ಕು ಸೀಟಿ ಹೊಡೆದ್ರೆ ಮೀನು ಉಳಿಯಲ್ಲ, ಗಂಜಿ ಆಗ್ತದೆ. ನೀವು ಮೀನು ಕೈಯಲ್ಲಿ ಹಿಡಿದೇ ಇಲ್ಲ, ಅಲ್ವಾ?"

ಗುರುಪಾದ ಬಾಗಿಲ ಕಡೆ, ಹೊರಗೆ ಮೊಳೆ ಇರುವ ಕಡೆ, ನೋಡಿದ.

"ನಾಳೆ ಬೆಳಿಗ್ಗೆ ಕರ್ಕೊಂಡು ಬನ್ನಿ." ಫೋನು ಇಟ್ಟಳು. ಊಟ ಮಾಡಿ ಮಲಗಿ ಅನ್ನಲಿಲ್ಲ. ಅವನು ಊಟ ಮಾಡಲೂ ಇಲ್ಲ.

ಮರುದಿನ ಬಯ್ಯಿಸಿಕೊಳ್ಳಲು ತಯಾರಾಗಿಯೇ ಹೋಗಿದ್ದ. ಡಾಕ್ಟರು ಬಯ್ಯಲಿಲ್ಲ. ಬೆಣ್ಣಿಯನ್ನು ಮೇಜಿನ ಮೇಲಿಟ್ಟು, ತನ್ನ ಕೊರಳ ನಳಿಗೆಯನ್ನು ತೆಗೆದು ಅವನ ಕಿವಿಗೆ ಹಾಕಿದಳು. ಇನ್ನೊಂದು ತುದಿಯನ್ನು ಬೆಕ್ಕಿನ ಪಕ್ಕೆಗೆ ಒತ್ತಿ ಹಿಡಿದಳು.

ಮೊದಲು ಬರೀ ಗವ್ ಎಂದಿತು. ಆಮೇಲೆ ಕೇಳಿಸಿತು. ಗುರುಪಾದನಿಗೆ ಗೊತ್ತಿದ್ದ ಸಪ್ಪಳವೇ. ರೊಟ್ಟಿ ಬಡಿಯುವ ಸಪ್ಪಳ. ಪಳಗಿದ ಕೈ ಬಡಿದರೆ ತಟ್ ತಟ್, ತಟ್ ತಟ್ ಎಂದು ಒಂದೇ ಲಯ. ಹೊಸಬರ ಕೈಯಾದರೆ ನಡುವೆ ಒಂದು ಏಟು ಜಾರಿ, ಅದನ್ನು ಹಿಡಿಯಲು ಹೋಗಿ ಇನ್ನೊಂದು ಅವಸರದಲ್ಲಿ ಬೀಳುತ್ತದೆ. ಇದು ಹಾಗೆ ಬೀಳುತ್ತಿತ್ತು. ತಟ್ ತಟ್ ತಟಾ, ತಟ್ ತಟ್ ತಟಾ. ಹರಿಯಲು ಹತ್ತಿದ ರೊಟ್ಟಿಯನ್ನು ಯಾರೋ ಹೆದರಿಕೊಂಡು ಕೂಡಿಸುತ್ತಿದ್ದಂತೆ.

ಅವನು ನಳಿಗೆ ತೆಗೆದುಕೊಟ್ಟ. "ಕೈ ಜಾರಾಕತ್ತದ್ರಿ," ಅಂದ.

"ಹಾಂ. ಜಾರ್ತಾ ಉಂಟು."

"ಬಾಯಾರ, ನಾ ನಿಮಗ ಸುಳ್ಳ ಹೇಳಿದೆ. ಅಕಿ ತಿನ್ನಲಿಲ್ಲ ಅಂದ್ರ ನೀವು ಬ್ಯಾಸರಾಗ್ತೀರಿ, ನಾಳಿಗಿ ಫೋನ್ ಮಾಡಂಗಿಲ್ಲ ಅಂತ..." ಅರವತ್ತರ ಗಂಡಸು, ಬುಟ್ಟಿಯ ಅರಿವೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

ವಿಜೇತಾ ಕನ್ನಡಕ ಹುಡುಕಿದಳು. ಅದು ತಲೆಯ ಮೇಲೆಯೇ ಇತ್ತು. "ತಿನ್ನಲಿಲ್ಲ ಅಂದಿದ್ರೆ ನಾನು ದಿನಕ್ಕೆ ಮೂರು ಸಲ ಮಾಡ್ತಿದ್ದೆ ಕಾಕಾ," ಅಂದಳು.

ಆಮೇಲೆ ಒಂದು ಡಬ್ಬಿ ತೆರೆದಳು. ಬೇಯಿಸಿದ ಮೀನು. ಗುರುಪಾದ ಒಂದು ಹೆಜ್ಜೆ ಹಿಂದೆ ಸರಿದ. ಬೆಣ್ಣಿಯ ಮೂಗು ಅಲುಗಿತು, ತಲೆ ಎತ್ತಿದಳು, ಎದ್ದು ನಿಂತಳು. ಮೊದಲ ತುಂಡನ್ನು ಡಾಕ್ಟರ ಬೆರಳಿನಿಂದ ಕಸಿದುಕೊಂಡಳು. ತಿನ್ನುತ್ತಾ ಗಂಟಲಿನಿಂದ ಒಂದು ದನಿ ತೆಗೆದಳು. ಗುರ್ರ್ ಎಂದು, ಆಳದಿಂದ, ಯಾರಾದರೂ ಹತ್ತಿರ ಬಂದೀರಿ ಜೋಕೆ ಎನ್ನುವಂತೆ. ಒಂಬತ್ತು ವರ್ಷ ಅವನ ರೊಟ್ಟಿಯ ಮೇಲೆ ಅವಳು ಆ ದನಿ ತೆಗೆದಿರಲಿಲ್ಲ. ಅಂಥ ದನಿ ಅವಳಿಗಿದೆ ಎಂದೇ ಅವನಿಗೆ ಗೊತ್ತಿರಲಿಲ್ಲ.

"ಇವತ್ತೊಂದಿನ ಇಲ್ಲಿರಲಿ, ಇಂಜೆಕ್ಷನ್ ಕೊಡ್ಬೇಕು," ಅಂದಳು ವಿಜೇತಾ. ಆಮೇಲೆ ದನಿ ತಗ್ಗಿಸಿದಳು. "ಕಾಕಾ, ನಿಮ್ಮ ಧರ್ಮ ನಿಮಗೆ. ಬಿಡಿ ಅಂತ ಹೇಳೋಳು ನಾನಲ್ಲ. ಆಗ್ಲೇ ಇಲ್ಲಾಂದ್ರೆ ನಂಗೆ ಕೊಟ್ಬಿಡಿ. ನಮ್ಮನೇಲಿ ಮೂರು ಉಂಟು, ನಾಲ್ಕನೇದು ಇವಳು. ಅದು ತಪ್ಪಲ್ಲ. ನಾಳೆ ಹೇಳಿ."

ಖಾಲಿ ಬುಟ್ಟಿ ಹಿಡಿದು ಗುರುಪಾದ ಮನೆಗೆ ಬಂದ. ಲಿಫ್ಟಿನಲ್ಲಿ ಒಬ್ಬರು ಬುಟ್ಟಿ ನೋಡಿದರು, ಮತ್ತೆ ತಮ್ಮ ಫೋನು ನೋಡಿದರು.

ಎಂಟು ಗಂಟೆಗೆ ಫೋನು ಬಂತು. "ಇವತ್ತು ಉಲ್ಟಾ. ನಾನು ಹೇಳೋದು, ನೀವು ಕೇಳೋದು. ಎರಡು ಸಲ ತಿಂದ್ಳು."

"ಖರೇನ್ರಿ?"

"ನಾನು ಖರೇನೇ ಹೇಳೋದು ಕಾಕಾ."

ಅವನಿಗೆ ನಗು ಬಂತು, ನಾಚಿಕೆಯೂ ಬಂತು. ಫೋನು ಇಟ್ಟ ಮೇಲೆ ಖೋಲಿ ಮತ್ತೆ ಖೋಲಿಯಾಯಿತು. ಇಷ್ಟು ದಿನ ಅದು ಸದ್ದಿಲ್ಲದ ಖೋಲಿ ಅಂದುಕೊಂಡಿದ್ದ. ಅಲ್ಲ, ಬೆಣ್ಣಿ ಇದ್ದಾಗ ಅಲ್ಲಿ ಎಷ್ಟೊಂದು ಸದ್ದಿತ್ತು! ಮೈ ಕೆರೆದುಕೊಳ್ಳುವುದು, ಚೀಲದ ಮೇಲೆ ಉಗುರು ಆಡಿಸುವುದು, ನಿದ್ದೆಯಲ್ಲಿ ಕೀಚಲು ದನಿ ತೆಗೆಯುವುದು.

ಬೆಳಿಗ್ಗೆ ಮಿಂದು ಪೂಜೆಗೆ ಕೂತ. ಪೂಜೆ ಮುಗಿದದ್ದು ಅವನಿಗೆ ಗೊತ್ತಾಗುತ್ತಿದ್ದುದು ಅವಳ ನಾಲಿಗೆಯಿಂದ. ಅವತ್ತು ಲಿಂಗವನ್ನು ಕರಡಿಗೆಗೆ ಸೇರಿಸಿ, ಸಕ್ಕರೆ ಹಾಲು ಹಾಕಿದ ಅಂಗೈಯನ್ನು ಚಾಚಿಕೊಂಡು ಹಾಗೇ ಕೂತುಬಿಟ್ಟ. ಹಾಲು ಅಂಗೈ ಗೆರೆಗಳಲ್ಲಿ ಇಳಿದು ಮಣಿಕಟ್ಟಿಗೆ ಹರಿಯಿತು. ಕೊನೆಗೆ ತಾನೇ ನೆಕ್ಕಿ ಎದ್ದ. ರಿಕ್ಷಾದವನಿಗೆ ರೊಟ್ಟಿ ಕೊಟ್ಟು, ಬಾಗಿಲು ಹಾಕಿಕೊಂಡು ಮೀನು ಬಜಾರಿಗೆ ಹೋದ.

ನಲವತ್ತು ವರ್ಷ ಆ ಓಣಿಯನ್ನು ತಪ್ಪಿಸಲು ಅವನು ಸುತ್ತು ಹಾಕಿ ನಡೆದಿದ್ದ. ಟವೆಲ್ಲನ್ನು ಮೂಗಿಗೆ ಒತ್ತಿಕೊಂಡು ಮೊದಲ ಹಲಗೆಯ ಮುಂದೆ ನಿಂತ. ಮೀನು ಮಾರುವ ಕೋಳಿ ಕುಲದ ಹೆಂಗಸು ಹೂವು ಮುಡಿದು, ಹಸಿರು ಸೀರೆಯ ಕಚ್ಚೆ ಹಾಕಿ, ರಾಣಿಯಂತೆ ಕೂತಿದ್ದಳು.

"ಕಾಯ್ ಪಾಹಿಜೆ ಕಾಕಾ?" ಏನು ಬೇಕು ಎಂದಳು.

"ಮಾಂಜರೀಸಾಠೀ," ಅಂದ ಗುರುಪಾದ. ಬೆಕ್ಕಿಗಾಗಿ.

"ಮಾಂಜರೀಸಾಠೀ! ಆಣಿ ತುಮ್ಹಾಲಾ?" ಮತ್ತೆ ನಿಮಗೆ?

"ಮೀ ಖಾತ್ ನಾಹೀ." ನಾನು ತಿನ್ನುವುದಿಲ್ಲ.

ಅವಳು ಅವನ ಹಣೆಯ ವಿಭೂತಿ ನೋಡಿದಳು, ಮೂಗಿನ ಟವೆಲ್ ನೋಡಿದಳು. ಪಕ್ಕದವಳಿಗೆ ಏನೋ ಹೇಳಿ ಇಬ್ಬರೂ ನಕ್ಕರು. ಆದರೆ ಮೀನನ್ನು ಕೊಯ್ದು, ಮುಳ್ಳು ತೆಗೆದು, ಚಿಕ್ಕ ತುಂಡು ಮಾಡಿ, ಅವನ ಕೈಗೆ ನೀರು ಸೋಕದ ಹಾಗೆ ಎರಡು ಚೀಲದಲ್ಲಿ ಕಟ್ಟಿಕೊಟ್ಟಳು. ಕೊಡುವಾಗ ಬೆರಳೆತ್ತಿ ತಾಕೀತು ಮಾಡಿದಳು: ನೀರು ಕುದ್ದ ಮೇಲೆ ಹಾಕು, ಐದೇ ನಿಮಿಷ, "ಆಣಿ ಕುಕರ್ ನಕೋ ಹಾ!"

ಕುಕ್ಕರ್ ಬೇಡ ಎಂದು ಈಕೆಗೂ ಯಾರು ಹೇಳಿದರು? ಡಾಕ್ಟರು ಊರಿಗೆಲ್ಲ ಸಾರಿದ್ದಾಳೋ ಏನೋ ಎಂದುಕೊಂಡು ಗುರುಪಾದ ತಲೆ ತಗ್ಗಿಸಿ ನಡೆದ.

ದವಾಖಾನೆಗೆ ಹೋಗಿ "ಅಕಿನ್ನ ಕೊಡ್ರಿ" ಅಂದ. ವಿಜೇತಾ ಅವನ ಕೈಯ ಚೀಲ ನೋಡಿದಳು, ಏನೂ ಕೇಳಲಿಲ್ಲ. "ತಾಟಲ್ಲಿ ಹಾಕಿದ್ರೆ ಅವಳಿಗೆ ಕಾಣಲ್ಲ. ಕೈಯಿಂದ ಕೊಡಿ. ಗುರುತಿನ ಕೈ ಇದ್ರೆ ಧೈರ್ಯ," ಎಂದಷ್ಟೇ ಹೇಳಿ ಬುಟ್ಟಿಯ ಅರಿವೆ ಸರಿಮಾಡಿದಳು.

ಖಾನಾವಳಿ ಕಾಲದ ಸಣ್ಣ ಸ್ಟೋವನ್ನು ಕಿಟಕಿಯ ಕೆಳಗಿಟ್ಟು, ಬೇರೆ ಪಾತ್ರೆ, ಬೇರೆ ಸೌಟು ಹುಡುಕಿ, ನೀರು ಕುದಿಯಲಿಟ್ಟ. ಕರಡಿಗೆಯನ್ನು ಅಂಗಿಯೊಳಗೆ ಬೆನ್ನಿಗೆ ತಿರುಗಿಸಿಕೊಂಡ. ಚೀಲ ಬಿಚ್ಚುವ ಮೊದಲು, ಯಾರಿಗೆ ಮರೆ ಮಾಡುತ್ತಿದ್ದೇನೆ ಎನಿಸಿ ಮತ್ತೆ ಎದೆಗೆ ತಂದುಕೊಂಡ. ಐದು ನಿಮಿಷ ಟವೆಲ್ಲನ್ನು ಮೂಗಿಗೆ ಒತ್ತಿಕೊಂಡೇ ನಿಂತ. ಆದರೂ ಅಡುಗೆಯವನ ಕಣ್ಣು ಅಡುಗೆಯವನದೇ. ತುಂಡು ಬಿಳಿಯಾಗಿ, ಎಸಳು ಬಿಡುವ ಹೊತ್ತಿಗೆ ಸರಿಯಾಗಿ ಇಳಿಸಿದ. ಪುಡಿ ಕಲಸಿದ.

ಬಲಗೈಯಲ್ಲಿ ಒಂದು ತುಂಡು ಹಿಡಿದು ಮೂತಿಯ ಹತ್ತಿರ ಒಯ್ದ. ಎಡಗೈ ಬೇಡ, ಅದು ಪೂಜೆಯ ಕೈ ಎಂದು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡು ಬಂದಿದ್ದ. ಬೆಣ್ಣಿ ಮೂಸಿದಳು. ಆಸೆಯಿಂದ ಮೂಗು ಅಲುಗಿತು. ಆದರೆ ಬಾಯಿ ಹಾಕಲಿಲ್ಲ. ತಲೆ ಅತ್ತ ಇತ್ತ ಆಡಿಸಿ ಗಾಳಿಯಲ್ಲಿ ಏನನ್ನೋ ಹುಡುಕಿದಳು. ಮೆಲ್ಲಗೆ ಹೆಜ್ಜೆ ಇಟ್ಟು, ಮಂಡಿ ತಾಗಿಸಿಕೊಂಡು ಬಂದು, ಅವನ ತೊಡೆಯ ಮೇಲೆ ಖಾಲಿ ಬಿದ್ದಿದ್ದ ಎಡ ಅಂಗೈಯನ್ನು ಕಂಡುಕೊಂಡು ನೆಕ್ಕತೊಡಗಿದಳು. ಅಲ್ಲಿ ಏನೂ ಇರಲಿಲ್ಲ. ಒಂದು ಸಲ ನೆಕ್ಕಿ ಕಾದಳು. ಮತ್ತೆ ನೆಕ್ಕಿ ಮತ್ತೆ ಕಾದಳು. ಕಾಣದ ಆ ದೊಡ್ಡ ಕಣ್ಣುಗಳನ್ನು ಅವನತ್ತ ಎತ್ತಿ ಹಿಡಿದಿದ್ದಳು.

ಈ ಮನೆಯಲ್ಲಿ ಉಣ್ಣಲು ಅವಳಿಗೆ ಗುರುತಿದ್ದುದು ಅದೊಂದೇ ಕೈ.

ಗುರುಪಾದ ಬಲಗೈಯಲ್ಲಿದ್ದ ತುಂಡನ್ನು ಎಡ ಅಂಗೈಯಲ್ಲಿಟ್ಟ. "ಉಣ್ಣವ್ವಾ," ಅಂದ.

ಗುರ್ರ್ ಎಂದಳು ಬೆಣ್ಣಿ.

ಎಂಟು ಗಂಟೆಗೆ ಫೋನು ಬಂದಾಗ ಎರಡನೆಯ ಊಟ ನಡೆದಿತ್ತು. "ತಿಂದ್ಳಾ ಕಾಕಾ?"

"ನಾ ಹೇಳಂಗಿಲ್ರಿ. ನೀವ ಕೇಳ್ರಿ," ಎಂದು ಬಲಗೈಯ ಫೋನನ್ನು ಬೆಕ್ಕಿನ ಮೂತಿಯ ಹತ್ತಿರ ಹಿಡಿದ. ಗುರ್ರ್, ಗುರ್ರ್. ಅತ್ತ ಕಡೆಯ ಪ್ಲಾಟ್‌ಫಾರ್ಮಿನಲ್ಲಿ ಡಾಕ್ಟರು ಜೋರಾಗಿ ನಕ್ಕಳು. ಆಮೇಲೆ ಮೂಗು ಒರೆಸಿಕೊಂಡ ಸದ್ದೂ ಬಂತು.

"ಸಾಕು ಕಾಕಾ. ಇನ್ನು ಹೆದರಿಕೆ ಇಲ್ಲ. ದಿನಾ ಫೋನ್ ಬೇಡ ಅಲ್ವಾ? ಸೋಮವಾರ ಸೋಮವಾರ ಮಾಡ್ತೇನೆ. ನಿನ್ನೆ ಒಂದು ನಾಯಿ ಬಂದಿದೆ, ಪಾಪ, ಅದನ್ನ ಸಾಕಿದ ಅಜ್ಜಿ ಒಬ್ರೇ ಇರೋದು. ಅವರಿಗೆ ಮಾಡ್ಬೇಕು."

ಗುರುಪಾದ ತಡಮಾಡಿದ್ದು ಒಂದೇ ಗಳಿಗೆ. "ಮಾಡ್ರಿ ಬಾಯಾರ. ಪಾಪ, ಅವರು ಕಾಯ್ತಿರ್ತಾರ."

"ಗಾಡಿ ಬಂತು. ಊಟ ಮಾಡಿ ಮಲಗಿ, ಹಾಂ?"

ಅವತ್ತು ಗುರುವಾರ. ಸೋಮವಾರಕ್ಕೆ ನಾಲ್ಕು ದಿನ.

ಕೈಯನ್ನು ಹುಣಸೆಹಣ್ಣು ಹಚ್ಚಿ ತೊಳೆದ, ಬೂದಿ ಹಚ್ಚಿ ತೊಳೆದ, ನಿಂಬೆಹಣ್ಣು ಹಿಂಡಿ ತೊಳೆದ. ವಾಸನೆ ಪೂರ್ತಿ ಹೋಗಲಿಲ್ಲ. ನಾಳೆ ಬೆಳಿಗ್ಗೆ ಆ ಅಂಗೈಯಲ್ಲಿ ಲಿಂಗವನ್ನು ಇಟ್ಟುಕೊಳ್ಳುವಾಗ ಏನು ಹೇಳಬೇಕು ಎಂದು ಯೋಚಿಸಿದ. ಆದದ್ದು ಆದಂಗ ಹೇಳುವುದು, ಇನ್ನೇನು. ಸುಳ್ಳಂತೂ ಸಾಕು.

ಮರುದಿನದ ರೊಟ್ಟಿಗೆ ಹಿಟ್ಟು ಸೋಸಿಟ್ಟು, ತನಗೆ ಎರಡು ರೊಟ್ಟಿ ಬಡಿದುಕೊಂಡು, ಬುಟ್ಟಿಯಲ್ಲಿ ಅರಿವೆ ಮುಚ್ಚಿಟ್ಟ. ತಾಟು ಹಾಕಿಕೊಂಡು ಕೂರುವಷ್ಟರಲ್ಲಿ ಬೆಣ್ಣಿ ಮೀಸೆಯಿಂದ ಗೋಡೆ ಸವರುತ್ತಾ, ಸ್ಟೋವಿಗೆ ಒಮ್ಮೆ, ಚೀಲಕ್ಕೆ ಒಮ್ಮೆ ತಾಗುತ್ತಾ ಬಂದಳು. ಬುಟ್ಟಿಯನ್ನು ಮೂಸಿದಳು. ರೊಟ್ಟಿ ಬೇಕೇನೋ ಎಂದು ಗುರುಪಾದ ಒಂದು ಚೂರು ಮುರಿದು ಹಿಡಿದ. ಅವಳಿಗೆ ಬೇಕಿರಲಿಲ್ಲ. ಬುಟ್ಟಿಯ ಬಿಸಿಗೆ ಬೆನ್ನು ಒತ್ತಿಕೊಂಡು ಮಲಗಿದಳು.

ಅವನು ಆ ಚೂರನ್ನು ತಾನೇ ಬಾಯಿಗೆ ಹಾಕಿಕೊಂಡ. ಉಪ್ಪು ಒಂಚೂರು ಹೆಚ್ಚಾಗಿತ್ತು.